ಕೇರಿ ನಡುವಿನ ತಿಪ್ಪೆ

“ಏ ದುರುಗಿ, ನಾಯಕತ್ವ ಕಲ್ಯಾಕ ಬಂದೀಯೋ, ಕುರ್ಚಿ ಮುಟ್ಟಾಕ ಬಂದೀಯೋ? ಇಳಿ ಕೆಳಗ, ರಂಡಿ!”

ಗದರಿದವನು ಗೌಡರ ಆಳು ಪಕ್ಕೀರಪ್ಪ. ದುರುಗಮ್ಮ ಶಾಲೆಯ ಜಗಲಿ ಇಳಿದು ಕೇರಿಯ ಹೆಂಗಸರ ಜೊತೆ ಬಿಸಿಲಲ್ಲಿ ಕೂತಳು. ಎಪ್ಪತ್ತೆಂಟರ ಬೇಸಿಗೆ. ಸಿರಿಗೇರಿಯಲ್ಲಿ ಅಂದು ಸರ್ಕಾರದ ಶಿಬಿರ: ಹಿಂದುಳಿದವರಲ್ಲಿ ನಾಯಕರನ್ನು ತಯಾರು ಮಾಡುವುದು, ಅವರ ಕೈಯಿಂದಲೇ ಅವರ ಕೇರಿಯನ್ನು ಚಂದ ಮಾಡಿಸುವುದು. ಹಿಂದುಳಿದವರು ಬಿಸಿಲಲ್ಲಿದ್ದರು. ಎದೆಗೆ ಗುಲಾಬಿ ಚುಚ್ಚಿಸಿಕೊಂಡು ನೆರಳಲ್ಲಿ ಕೂತ ನಾಯಕರೆಂದರೆ ವಿರೂಪಾಕ್ಷಗೌಡರು, ಅವರ ಅಳಿಯ, ಅಳಿಯನ ತಮ್ಮ. ಅಬ್ಬಬ್ಬಾ, ಒಂದೇ ಮನೆಯಲ್ಲಿ ಅದೆಷ್ಟು ನಾಯಕರು!

ಬಳ್ಳಾರಿಯಿಂದ ಜೀಪಿನಲ್ಲಿ ಬಂದಿದ್ದ ಸಾಹೇಬರು ಕೇಳಿದರು: “ನಿಮ್ಮ ಕೇರಿಗೆ ಏನು ಬೇಕು? ಧೈರ್ಯವಾಗಿ ಹೇಳಿ. ಹೇಳೋದೇ ನಾಯಕತ್ವ.”

ದುರುಗಮ್ಮ ಎದ್ದಳು. “ಜಾಗ ಬೇಕ್ರಿ. ಕೇರಿ ನಡಕ ಗೌಡ್ರ ತಿಪ್ಪಿ ಐತಿ. ಬರೋ ವಾರ ನನ್ನ ಮಗಳ ಮದಿವಿ, ಚಪ್ಪರ ಹಾಕಾಕ ನೆಲ ಇಲ್ಲ. ತಿಪ್ಪಿ ತಗೀಲಿಲ್ಲಂದ್ರ ದಿಬ್ಬಣ ಬರಂಗಿಲ್ಲ ಅಂತ ರಾರಾವಿ ಊರಿನ ಬೀಗ್ರು ಹೇಳಿ ಹೋಗ್ಯಾರ.”

ಮಾತು ನಿಜ. ದನ ಗೌಡರ ಕೊಟ್ಟಿಗೆಯಲ್ಲಿದ್ದವು, ಸಗಣಿ ಮಾತ್ರ ಕೇರಿಗೆ ಬರುತ್ತಿತ್ತು. ಗೊಬ್ಬರ ಗೌಡರ ಗದ್ದೆಗೆ, ನಾತ ಕೇರಿಯವರ ಮೂಗಿಗೆ.

ಗೌಡರು ಹೊಟ್ಟೆ ಕುಣಿಸಿ ನಕ್ಕರು. “ಅಜ್ಜನ ಕಾಲದ ತಿಪ್ಪಿ ಈಗ ಅಡ್ಡ ಆಗೇತೇನಬೇ? ಬೇಕಾದ್ರ ನಿಮ್ಮನ್ನ ಎತ್ತಿ ಒಗಿತೀನಿ, ತಿಪ್ಪಿ ಎತ್ತಂಗಿಲ್ಲ.”

ಸಾಹೇಬರೂ ನಕ್ಕರು. “ನೋಡಮ್ಮಾ, ನಾಯಕರಾದವರು ದೂರು ಹೇಳಬಾರದು. ಮೊದಲ ಬುಟ್ಟಿ ತಾವೇ ಹೊರಬೇಕು. ಎಲ್ಲರೂ ಬರೆದುಕೊಳ್ಳಿ.”

ಬರೆಯಲು ಬಾರದವರೆಲ್ಲ ಚಪ್ಪಾಳೆ ತಟ್ಟಿದರು. ನಾಯಕರು ಗೌಡರ ಮನೆಗೆ ಊಟಕ್ಕೆ ಹೊರಟರು.

ದುರುಗಮ್ಮ ನೆಟ್ಟಗೆ ತಿಪ್ಪೆಗೆ ಹೋಗಿ ಪುಟ್ಟಿ ತುಂಬತೊಡಗಿದಳು. ನೆರೆಮನೆಯ ಕೊಟ್ರಮ್ಮ ಓಡಿ ಬಂದು ಕೈ ಹಿಡಿದಳು.

“ಯಕ್ಕಾ, ತಲಿ ಕೆಟ್ಟೈತೇನು? ನಾಳಿ ಕೂಲಿಗೆ ಯಾರು ಕರೀತಾರ? ಮಣ್ಣು ತಿಂತೀಯೇನು?”

“ಮದ್ಲನೇ ಪುಟ್ಟಿ ಹೊರ್ಬೇಕಂತ. ಸಾಯೇಬ್ರ ಹೇಳ್ಯಾರ. ಕೈ ಬಿಡು.”

ಭತ್ತದ ನಾಟಿಯಲ್ಲಿ ಹಾಡು ಎತ್ತುವವಳು ದುರುಗಮ್ಮ. ಅವಳು ಒಂದು ಸೊಲ್ಲು ಎತ್ತಿದರೆ ಮಿಕ್ಕವರು ಸೊಲ್ಲು ಕೂಡಿಸಲೇಬೇಕು, ಬಿಟ್ಟರೆ ಸಾಲು ಕೆಡುತ್ತದೆ. ಈಗ ಪುಟ್ಟಿಯನ್ನು ತಲೆಗೇರಿಸಿ ಅದೇ ಹಾಡು ಎತ್ತಿದಳು. ಕೊಟ್ರಮ್ಮನ ಬಾಯಿ ತಾನಾಗಿಯೇ ಸೊಲ್ಲು ಹಿಡಿಯಿತು.

“ಥೂ, ನಿನ್ನ ಹಾಡಿಗಿಷ್ಟು ಬೆಂಕಿ ಹಾಕ,” ಎಂದು ಬೈಯುತ್ತಲೇ ಅವಳೂ ಪುಟ್ಟಿ ಹುಡುಕಿದಳು. ಗುಡಿಸಲುಗಳಿಂದ ಒಬ್ಬೊಬ್ಬರೇ ಹೊರಬಂದರು.

ಗೌಡರ ಪಡಸಾಲೆಯಲ್ಲಿ ಸಾಹೇಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಅಂಗಳದಲ್ಲಿ ಧೊಪ್ಪೆಂದು ಬಿತ್ತು. ಗೌಡರು ಎಂಜಲು ಕೈಯಲ್ಲೇ ಎದ್ದು ನಿಂತರು. ಕೊಳೆತ ಸಗಣಿಯ ನಾತ ಎಲೆಯವರೆಗೂ ಬಂತು.

“ಯಾವಳಲೇ ಅದು?”

“ನಾನ್ರಿ, ದುರುಗಮ್ಮ.” ಅವಳು ಖಾಲಿ ಪುಟ್ಟಿ ಕೊಡವಿದಳು. ಓಣಿಯ ತುಂಬ ಪುಟ್ಟಿ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. “ಕುಂದರ್ರಿ ಗೌಡ್ರ, ಸಮಾಧಾನದಿಂದ ಉಣ್ರಿ. ನಿಮ್ಮದು ಇನ್ನೂ ಭಾಳ ಐತಿ.”