ಮೂವತ್ತು ನೈಟ್

ಮಾತು ಹೊರಟದ್ದು 1995ರಲ್ಲಿ, ಈದಿನ ಪೆರ್ನಾಲ್ ಹಬ್ಬಕ್ಕೆ ಎರಡು ದಿನ ಇರುವಾಗ, ಬಿ.ಸಿ. ರೋಡಿನ ಒಂದು ನರ್ಸಿಂಗ್ ಹೋಮಿನ ಚಹಾ ಕುಡಿಯುವ ಮೂಲೆಯಲ್ಲಿ. ರುಕಿಯಾ ನರ್ಸಾಗಿ ಸೇರಿ ಎಂಟು ತಿಂಗಳಾಗಿತ್ತಷ್ಟೆ. ಕನ್ಯಾನದ ಮನೆಗೆ ಹೋಗಲು ರಜೆ ಕೇಳಿದ್ದಕ್ಕೆ ಇನ್‌ಚಾರ್ಜ್ ಸಿಸ್ಟರ್ ವಾರಿಜಾಕ್ಷಿ ಕನ್ನಡಕದ ಮೇಲಿಂದ ನೋಡಿ, "ಹಬ್ಬ ಉಂಟೂಂತ ಪೇಶೆಂಟಿನ ಜ್ವರ ಬಿಡ್ತದಾ?" ಎಂದು ಕೇಳಿ, ಡ್ಯೂಟಿ ಲಿಸ್ಟಿನಲ್ಲಿ ಅವಳ ಹೆಸರಿನ ಮುಂದೆ ನೈಟ್ ಬರೆದೇಬಿಟ್ಟಿದ್ದಳು.

ರುಕಿಯಾ ಆಯಾ ಕಾಂತಿಯ ಎದುರು ಗ್ಲಾಸು ಕುಕ್ಕಿದಳು. "ಕಾಂತಿಯಕ್ಕ, ಕೇಳಿ ಇಟ್ಟುಕೊಳ್ಳಿ. ಒಂದು ದಿನ ಈ ಲಿಸ್ಟ್ ನಾನು ಬರೀತೇನೆ. ಆವತ್ತು ವಾರಿಜಕ್ಕನಿಗೆ ಮೂವತ್ತು ದಿನ ನೈಟ್. ಒಂದೂ ಕಡಿಮೆ ಇಲ್ಲ!"

ಕಾಂತಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ. ಸಂಜೆಯೊಳಗೆ ಲ್ಯಾಬಿನಿಂದ ಗೇಟಿನವರೆಗೆ ಸುದ್ದಿ ಹಬ್ಬಿತು. ವಾರಿಜಾಕ್ಷಿಯ ಕಿವಿಗೂ ಬಿತ್ತು.

ಹತ್ತು ವರ್ಷ ಹೋಯಿತು. ರುಕಿಯಾಳಿಗೆ ಮದುವೆಯಾಯಿತು, ಶಿಫಾನಾ ಹುಟ್ಟಿದಳು. ಮಗುವನ್ನು ಉಮ್ಮನ ಹತ್ತಿರ ಬಿಟ್ಟು ಆರು ತಿಂಗಳು ಮಂಗಳೂರಿಗೆ ಹೋಗಿ, ಹಸುಗೂಸುಗಳ ವಾರ್ಡಿನ ಕೆಲಸ ಕಲಿತು ಬಂದಳು. 2005ರ ಮೇ ತಿಂಗಳಲ್ಲಿ ನರ್ಸಿಂಗ್ ಹೋಮಿನ ಯಜಮಾನರಾದ ಡಾಕ್ಟರ್ ಶೀನಪ್ಪ ಅವಳನ್ನು ಕರೆದು, ಇನ್ನು ಮುಂದೆ ಇನ್‌ಚಾರ್ಜ್ ನೀನೇ ಎಂದರು. ವಾರಿಜಾಕ್ಷಿ ಕೆಲಸ ಕಲಿತದ್ದು ವಾರ್ಡಿನಲ್ಲೇ. ಅವಳ ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ. ಅವಳು ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೋದವಳು, ಆಮೇಲೆ ರುಕಿಯಾಳ ಹತ್ತಿರ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

ಆದರೂ ರುಕಿಯಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾಳಿಗೆಯಲ್ಲಿ ಹಸುಗೂಸುಗಳಿಗೆಂದೇ ಹೊಸ ಕೋಣೆ ಸಿದ್ಧವಾಗಿತ್ತು: ಮೈ ಬೆಚ್ಚಗಿಡುವ ಎರಡು ವಾರ್ಮರ್, ಕಾಮಾಲೆಯ ಕೂಸಿಗೆ ನೀಲಿ ಲೈಟು. ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ಓಡಿ ಹತ್ತಿ, ಸ್ವಿಚ್ ಹಾಕಿ, ಅಂಗೈ ಒಡ್ಡಿ ನಿಲ್ಲುವಳು. ಬೆಳ್ತಂಗಡಿ ಕಡೆಯಿಂದ ಜೀಪಿನಲ್ಲಿ ಬರುವ ಕೂಸುಗಳು ಇನ್ನು ಮಂಗಳೂರಿನವರೆಗೆ ಜೀವ ಹಿಡಿದುಕೊಂಡು ಹೋಗಬೇಕಾಗಿಲ್ಲ.

ಅಷ್ಟರಲ್ಲಿ ಅವಳ ಜೊತೆ ತರಬೇತಿ ಪಡೆದು ಅದೇ ಕೋಣೆಗೆ ನೇಮಕವಾಗಿದ್ದ ನರ್ಸ್ ಜಸ್ನಾಳಿಗೆ ಸೌದಿಯ ವೀಸಾ ಬಂತು. ವಾರದೊಳಗೆ ಹೋದಳು.

"ಹಗಲು ನಾನಿರ್ತೇನೆ. ರಾತ್ರಿಗೆ ಪಳಗಿದ ಕೈಯವರು ಇಬ್ಬರು ಬೇಕು," ಎಂದರು ಡಾಕ್ಟರು. "ನೀನೊಬ್ಬಳು ಆಯ್ತು. ಇನ್ನೊಂದು ಹೆಸರು ಇಲ್ಲದಿದ್ರೆ ಜೂನ್ ಒಂದಕ್ಕೆ ಬಾಗಿಲು ತೆರೆಯುದಿಲ್ಲ. ಮಶೀನು ವಾಪಸ್ ಕೊಡುವ."

ಇನ್ನೊಂದು ಪಳಗಿದ ಕೈ ಆ ಕಟ್ಟಡದಲ್ಲಿ ಒಂದೇ. ಒಂದು ದಿನದ ಕೂಸಿನ ನೂಲಿನಂಥ ನರಕ್ಕೆ ಒಂದೇ ಚುಚ್ಚಿಗೆ ಸೂಜಿ ಇಳಿಸುವ ವಾರಿಜಾಕ್ಷಿ. ಅವಳಿಗೆ ನೈಟ್ ಬರೆದರೆ, ರುಕಿಯಾ ಹಳೆಯ ಹಗೆ ತೀರಿಸಿದಳು ಎಂದು ಊರೇ ಹೇಳೀತು. ವಾರಿಜಾಕ್ಷಿ ರಾಜೀನಾಮೆ ಬಿಸಾಡಿಯಾಳು. ಬರೆಯದಿದ್ದರೆ ಕೋಣೆಗೆ ಬೀಗ.

ಕಾಂತಿ ಬೇರೆ ದಿನಕ್ಕೆರಡು ಸಲ ಬಾಗಿಲಲ್ಲಿ ಇಣುಕಿ, "ಸಿಸ್ಟರೇ, ಲಿಸ್ಟ್ ಆಯ್ತಾ? ನನಗೆ ನೆನಪುಂಟು ಮತ್ತೆ," ಎಂದು ನಗುವಳು.

"ನಿಮಗೆ ಬೇರೆ ಕೆಲಸ ಇಲ್ವಾ ಕಾಂತಿಯಕ್ಕ?"

ಮೇ ಮೂವತ್ತೊಂದು. ಮಧ್ಯಾಹ್ನದೊಳಗೆ ಲಿಸ್ಟ್ ಅಂಟಿಸಬೇಕು. ರುಕಿಯಾ ಖಾಲಿ ಹಾಳೆ ಹಿಡಿದು ಜನರಲ್ ವಾರ್ಡಿಗೆ ಹೋದಳು. ವಾರಿಜಾಕ್ಷಿ ಬೆಡ್‌ಶೀಟ್ ಮಡಚುತ್ತಿದ್ದಳು.

"ವಾರಿಜಕ್ಕ, ಮೇಲಿನ ಕೋಣೆಗೆ ನೀವು ಬೇಕು. ಆದ್ರೆ ನೈಟ್."

"ಬಂತಾ?" ವಾರಿಜಾಕ್ಷಿ ತಲೆ ಎತ್ತಲಿಲ್ಲ. "ಹತ್ತು ವರ್ಷ ಆಯ್ತು ಮಾರಾಯ್ತಿ, ನಾನು ಕಾಯ್ಲಿಕ್ಕೆ ಶುರು ಮಾಡಿ."

"ಅದು ಆವತ್ತಿನ ಸಿಟ್ಟು. ನಾನೂ ನಿಮ್ಮ ಜೊತೆಗೇ ನೈಟ್ ಇರ್ತೇನೆ."

ಈಗ ತಲೆ ಎತ್ತಿದಳು. "ಇನ್‌ಚಾರ್ಜ್ ನೈಟ್ ಮಾಡುದಾ? ನಾನು ಒಂದು ದಿನವೂ ಮಾಡ್ಲಿಲ್ಲ."

"ನೀವು ಮಾಡದ್ದು ಎಲ್ಲರಿಗೂ ಗೊತ್ತುಂಟು."

ವಾರಿಜಾಕ್ಷಿಗೆ ನಗು ತಡೆಯಲಾಗಲಿಲ್ಲ. ಹಿಂದೆಯೇ ಅವಳ ಸ್ವರ ಇಳಿಯಿತು. "ಆ ಮಶೀನು ಕಂಡರೆ ನನಗೆ ಹೆದರಿಕೆ ರುಕಿಯಾ. ಹಗಲಲ್ಲಿ ಆ ಸಣ್ಣ ಪ್ರಾಯದ ನರ್ಸ್ ಹುಡುಗಿಯರ ಎದುರು ಬಟನ್ ತಪ್ಪಿ ಒತ್ತಿದ್ರೆ ನಗಾಡ್ತಾರೆ. ಅದಕ್ಕೇ ಮೇಲೆ ಕಾಲಿಡ್ಲಿಲ್ಲ. ರಾತ್ರಿ ಆದ್ರೆ ನೋಡ್ಲಿಕ್ಕೆ ನೀನೊಬ್ಬಳೇ ಅಲ್ವಾ?"

ರುಕಿಯಾಳಿಗೆ ಅಲ್ಲೇ ಒಮ್ಮೆ ಕುಣಿದುಬಿಡುವ ಅನಿಸಿತು. "ನಾನು ಮಶೀನು ಕಲಿಸ್ತೇನೆ, ನೀವು ನನಗೆ ನರ ಹುಡುಕುದು ಕಲಿಸಿ. ಹದಿನೈದು ದಿನ ಸಾಕು."

"ಹದಿನೈದರಲ್ಲಿ ಎಂಥ ಕಲಿಯುದು, ಬರೀ ಸ್ವಿಚ್ ಹಾಕ್ಲಿಕ್ಕಾ? ಪೂರ್ತಿ ತಿಂಗಳು ಬರಿ."

ಬೆಡ್‌ಶೀಟಿನ ರಾಶಿಯ ಮೇಲೆಯೇ ಹಾಳೆ ಇಟ್ಟು ರುಕಿಯಾ ಬರೆದಳು. ವಾರಿಜಾಕ್ಷಿ, ಜೂನ್ ಒಂದರಿಂದ ಮೂವತ್ತು, ನೈಟ್. ಅದರ ಕೆಳಗೆ ತನ್ನ ಹೆಸರು, ಅಷ್ಟೇ ದಿನ. ಮರುದಿನ ಮೇಲಿನ ಕೋಣೆಯ ಬಾಗಿಲು ತೆರೆಯಿತು.

ರುಕಿಯಾ ಹೇಳಿದ ಮಾತನ್ನು ನಡೆಸಿದಳು. ಮೂವತ್ತು ನೈಟ್, ಒಂದೂ ಕಡಿಮೆ ಇಲ್ಲ.