ಹಸು ನೆಕ್ಕಿದ ಸಿಮೆಂಟು

ಬೆಳಿಗ್ಗೆ ಆರೂವರೆಗೆ ಗುಂಡ್ಲುಪೇಟೆಯ ಐಸ್ ಫ್ಯಾಕ್ಟರಿಯ ಇಳಿಜಾರಿನಲ್ಲಿ ಕಂದು ಹಸುವೊಂದು ನಿಂತು ಸಿಮೆಂಟು ನೆಕ್ಕುತ್ತಿತ್ತು.

ಗಾರೆ ಮೇಸ್ತ್ರಿ ನಿಂಗರಾಜು ಭೀಮನಬೀಡಿನಿಂದ ಅಷ್ಟು ಬೇಗ ಬಂದದ್ದು ಬೈಸಿಕೊಳ್ಳುವುದಕ್ಕೆ. ಐಸ್ ಗಡ್ಡೆಗಳನ್ನು ಜಾರಿಸಿ ವ್ಯಾನಿಗೆ ತುಂಬುವ ಆ ಇಳಿಜಾರನ್ನು ಹಾಕಿದವನು ಅವನೇ. ಒಂದೇ ವರ್ಷಕ್ಕೆ ಅದರ ಮೇಲ್ಪದರ ಹಪ್ಪಳದಂತೆ ಎದ್ದು, ಒಳಗಿನ ಜಲ್ಲಿ ಕಾಣುತ್ತಿತ್ತು. ಮೇಸ್ತ್ರಿ ಸಿಮೆಂಟು ಕಡಿಮೆ ಹಾಕಿದ್ದಾನೆ ಎಂದು ಮಾಲೀಕ ಶಂಭುಲಿಂಗಪ್ಪ ಆಗಲೇ ತೀರ್ಮಾನಿಸಿದ್ದರು. ತೆರಕಣಾಂಬಿಯ ಜಮೀನಿನಲ್ಲಿ ಅರಿಸಿನ ಒಣಗಿಸುವ ಕಣ ಹಾಕುವ ಕೆಲಸವನ್ನು ಇನ್ನು ಅವನಿಗೆ ಕೊಡುವುದಿಲ್ಲ ಎಂದೂ ಫೋನಿನಲ್ಲೇ ಹೇಳಿಬಿಟ್ಟಿದ್ದರು. ಕಣ ಕೈತಪ್ಪಿದರೆ ಎರಡು ತಿಂಗಳ ಕೆಲಸ ಹೋಗುತ್ತಿತ್ತು. ಕಳ್ಳ ಮೇಸ್ತ್ರಿ ಎಂಬ ಹೆಸರು ಪೇಟೆಯಲ್ಲಿ ಹಬ್ಬಿದರೆ ಆಮೇಲೆ ಕರೆಯುವವರೇ ಇರುತ್ತಿರಲಿಲ್ಲ.

ನಿಂಗರಾಜು ಹಸುವನ್ನೇ ನೋಡುತ್ತ ನಿಂತ. ಪಕ್ಕದ ಆಫೀಸಿನ ಮೆಟ್ಟಿಲನ್ನೂ ಅವನು ಅದೇ ದಿನ, ಅದೇ ಸಿಮೆಂಟು ಮಿಶ್ರಣದಲ್ಲಿ ಹಾಕಿದ್ದ. ಅದರಲ್ಲಿ ಒಂದು ಬಿರುಕೂ ಇರಲಿಲ್ಲ, ಹಸು ಅದನ್ನು ಮೂಸಿಯೂ ನೋಡಲಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತು, ಎದ್ದ ಪದರವನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡ. ಉಪ್ಪು.

“ಅಸ ಒಂದು ಸಾಲ್ದು ಅಂತ ನೀನೂ ನೆಕ್ಕಕೆ ಬಂದ್ಯಾ ನಿಂಗ?” ಎಂದಳು, ಗುಡಿಸುತ್ತಿದ್ದ ಮೂಗಮ್ಮ.

ಉಪ್ಪು ಎಲ್ಲಿಯದೆಂದು ಕೇಳಿದಾಗ ಅವಳು ಪೊರಕೆಯನ್ನು ಗೋಡೆಗೊರಗಿಸಿ ಎಲ್ಲ ಹೇಳಿದಳು. ಮೊದಲು ಅವಳು ಇಳಿಜಾರಿಗೆ ಗೋಣಿತಾಟು ಹಾಸುತ್ತಿದ್ದಳಂತೆ. ಸಂಕ್ರಾಂತಿಯ ವಾರ ತಾಟು ಒಣಹಾಕಿದ್ದ ದಿನವೇ ಶಂಭುಲಿಂಗಪ್ಪ ಐಸ್ ಚೂರಿನ ಮೇಲೆ ಕಾಲಿಟ್ಟು ಜಾರಿಬಿದ್ದರು. ಆಮೇಲೆ ಮೊಬೈಲಿನಲ್ಲಿ ಯಾವುದೋ ಹಿಮದ ದೇಶದವರು ರಸ್ತೆಗೆ ಉಪ್ಪು ಎರಚುವುದನ್ನು ನೋಡಿ, ಐಸ್ ಅಚ್ಚುಗಳನ್ನು ಮುಳುಗಿಸಿಡುವ ತೊಟ್ಟಿಯ ನೀರಿಗೆ ಬೆರೆಸಲು ತರಿಸಿದ್ದ ಕಲ್ಲುಪ್ಪನ್ನು ದಿನಾ ಎರಡು ಬಕೆಟ್ ಎರಚಿಸತೊಡಗಿದರು. ತಾಟು ಶೆಡ್ಡು ಸೇರಿತು.

ಏಳಕ್ಕೆ ಶಂಭುಲಿಂಗಪ್ಪ ಬಂದರು. ಬೈಗುಳ ಮುಗಿದ ಮೇಲೆ ನಿಂಗರಾಜು ವಿವರಿಸಿದ. ಕರಗಿದ ಉಪ್ಪುನೀರು ಸಿಮೆಂಟಿನೊಳಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿ, ಉಪ್ಪು ಒಳಗೇ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ.

“ಹಂಗಾದ್ರೆ ಆ ದೇಶದೋರೆಲ್ಲ ದಡ್ಡರೇನ್ಲಾ?”

“ಎರಚೋದು ಒಂದು ವಿಡಿಯೋ, ಯಜಮಾನ್ರೆ. ರೋಡು ರಿಪೇರಿ ಮಾಡೋದು ಇನ್ನೊಂದು ಇರ್ತದೆ. ಅದ ನೀವು ನೋಡಿಲ್ಲ.”

ಶಂಭುಲಿಂಗಪ್ಪ ಮೆಟ್ಟಿಲು ನೋಡಿದರು, ಇಳಿಜಾರು ನೋಡಿದರು. ಐಸ್ ತುಂಬಲು ಬಂದಿದ್ದ ವ್ಯಾನಿನವರು ಅತ್ತ ತಿರುಗಿದಾಗ ಮೆಲ್ಲಗೆ ಬಗ್ಗಿ, ಬೆರಳೊರೆಸಿ ಬಾಯಿಗಿಟ್ಟುಕೊಂಡರು. ಮೂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು.

“ನಗೋದು ಸಾಕು ಬುಡು ಮೂಗಮ್ಮ,” ಎಂದರು ಅವರು. “ಆ ತಾಟು ತಂದು ಹಾಸು.”

ಇಳಿಜಾರನ್ನು ಮೂರು ದಿನ ಸಿಹಿನೀರಿನಲ್ಲಿ ತೊಳೆಸಿದರು. ಹಸು ಇನ್ನೊಂದು ವಾರ ಬಂದು, ಗೋಣಿತಾಟು ಮೂಸಿ ಹಿಂತಿರುಗುತ್ತಿತ್ತು. ಸೋಮವಾರ ಬೆಳಿಗ್ಗೆ ನಿಂಗರಾಜು ತೆರಕಣಾಂಬಿಯಲ್ಲಿ ಶಂಭುಲಿಂಗಪ್ಪನವರ ಅರಿಸಿನದ ಕಣಕ್ಕೆ ಅಳತೆಯ ಗೂಟ ಹೊಡೆದು ದಾರ ಕಟ್ಟಿದ.