ಸಾಹೇಬರ ಚುಟ್ಟದ ಪಾಠ

"ಎಳೀರಿ ಚನ್ನೇಶ್. ನುಂಗ್ಬೇಡಿ. ಬಾಯಲ್ಲೇ ಇಟ್ಕೊಂಡು ಒಂದ್ ಸುತ್ತು ಆಡ್ಸಿ, ಆಮೇಲೆ ಬಿಡಿ," ಎಂದರು ಉದಯಕುಮಾರ್.

ಚನ್ನೇಶ್ ಎಳೆದ. ಥೂ! ಎಮ್ಮೆ ಕೊಟ್ಟಿಗೆಯಲ್ಲಿ ಹಳೇ ಗೋಣಿಚೀಲಕ್ಕೆ ಬೆಂಕಿ ಹಚ್ಚಿ, ಆ ಹೊಗೆಯನ್ನು ಬಾಯಿಗೆ ತುರುಕಿದ ಹಾಗಾಯಿತು. ಹೊಗೆಯಾದರೂ ಹೋಗಲಿ, ಅದಕ್ಕಿಂತ ಹೇಸಿಗೆ ಅದರ ತುದಿ. ತುದಿ ಒದ್ದೆಯಾಗಿತ್ತು, ಆ ಒದ್ದೆ ಅವನದಾಗಿರಲಿಲ್ಲ. ಹೊಸಬರ ಸಿಗಾರನ್ನು ಉದಯಕುಮಾರ್ ತಾವೇ ಹಚ್ಚಿ, ತಾವೇ ನಾಲ್ಕು ದಮ್ಮು ಎಳೆದು, ಕೆಂಡ ಸರಿಯಾಗಿ ಹಿಡಿದ ಮೇಲೆ ಕೈಗೆ ಕೊಡುತ್ತಿದ್ದರು. ಎಂಜಲು ಅನ್ನುವುದು ಒಂದು ಇದೆ ಅಂತ ಆ ಮನುಷ್ಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ ಏನೋ.

"ಸಾಹೇಬ್ರ ಪ್ರಸಾದ!" ಎಂದು ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದ ಲಕ್ಷ್ಮೀಕಾಂತ್ ಹಲ್ಲು ಗಿಂಜಿದ. ತನ್ನ ಪಾಲಿನ ಒದ್ದೆಯನ್ನು ಅವನು ಆಗಲೇ ಚೀಪಿ ಆಗಿತ್ತು.

ಅಂತರಸನಹಳ್ಳಿಯ ವಾಲ್ವ್ ಫ್ಯಾಕ್ಟರಿಯ ಮಾಲೀಕರು ಉದಯಕುಮಾರ್. ಗುಬ್ಬಿ ರಸ್ತೆಯ ತೆಂಗಿನ ತೋಟದಲ್ಲಿ ಅವರದೊಂದು ಮನೆ, ಈಗ ಕೂತಿದ್ದುದು ಅಲ್ಲೇ. ಫ್ಯಾಕ್ಟರಿಗೆ ಹೊಸ ಮ್ಯಾನೇಜರ್ ಬೇಕಾಗಿತ್ತು. ಚನ್ನೇಶನೋ ಲಕ್ಷ್ಮೀಕಾಂತನೋ, ಇಬ್ಬರಲ್ಲಿ ಒಬ್ಬ. ಕೆಲಸದ ವಿಷಯಕ್ಕೆ ಬಂದರೆ ಕೇಳುವುದೇ ಬೇಡ, ಚನ್ನೇಶ್ ಷಿಫ್ಟಿನಲ್ಲಿದ್ದರೆ ಮಷೀನುಗಳೂ ತಂಟೆ ಮಾಡುತ್ತಿರಲಿಲ್ಲ. ಆದರೆ ಸಾಹೇಬರ ಲೆಕ್ಕವೇ ಬೇರೆ. ಹೊರದೇಶದ ಪಾರ್ಟಿಗಳು ಬಂದರೆ ಊಟವಾದ ಮೇಲೆ ಸಿಗಾರ್ ಹಿಡಿದು ಕೂರುತ್ತಾರೆ, ಮ್ಯಾನೇಜರ್ ಆದವನು ಜೊತೆಗೆ ಕೂರಬೇಡವೇ? ಹೋದ ಸೋಮವಾರ ಕರೆದಾಗ "ಉಪವಾಸ ಸಾರ್" ಎಂದು ಚನ್ನೇಶ್ ತಪ್ಪಿಸಿಕೊಂಡಿದ್ದ. "ಜರ್ಮನಿಯವ್ರ ಮುಂದೂ ಹಿಂಗೇ ಅಂತೀರೇನ್ರೀ?" ಎಂದು ಅವರು ಎಲ್ಲರೆದುರಿಗೇ ನಕ್ಕಿದ್ದರು. ಇವತ್ತೂ ಸೋಮವಾರ. ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ಕಾಳೂ ಬಿದ್ದಿಲ್ಲ. ಆದರೂ ಬಂದಿದ್ದ.

ಪಾಠ ನಡೆದಿತ್ತು.

"ಹೊಸಬ್ರು ಮಾಡೋ ತಪ್ಪೇನು ಗೊತ್ತಾ? ಮೊದಲ್ನೇ ದಿನಾನೇ ಸ್ಟ್ರಾಂಗ್ ಎತ್ಕೊಳ್ಳೋದು. ಮೈಲ್ಡಿಂದ ಶುರು ಮಾಡ್ಬೇಕು. ತೆಳ್ಳಂದೊಂದು, ದಪ್ಪಂದೊಂದು ನೋಡ್ಬೇಕು. ಅರ್ಜೆಂಟ್ ಮಾಡ್ಬಾರ್ದು. ಬೂದಿ ಕೊಡವ್ಬಾರ್ದು, ತಾನಾಗೇ ಬೀಳುತ್ತೆ. ಖಾಲಿ ಹೊಟ್ಟೇಲಂತೂ ಮುಟ್ಲೇಬಾರ್ದು. ಎಲ್ಲಾದಕ್ಕಿಂತ ಮುಖ್ಯ, ಯಾರ್ ಮಾತೂ ಕೇಳ್ಬೇಡಿ. ನಿಮ್ ನಾಲ್ಗೆ ಏನ್ ಹೇಳುತ್ತೋ ಅದನ್ನ ಕೇಳಿ."

ಚನ್ನೇಶನ ನಾಲಿಗೆ ಹೇಳುತ್ತಲೇ ಇತ್ತು. ಬಾಯಲ್ಲಿ ಕಂದು ಬಣ್ಣದ ಕಹಿ ಉಗುಳು ತುಂಬಿಕೊಂಡಿತ್ತು. ಉಗುಳಲು ಜಾಗವಿಲ್ಲದೆ ನುಂಗಿದ. ಅಭ್ಯಾಸಬಲದಿಂದ ಅವನ ಎಡಗೈ ಎದೆಯ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಕರಡಿಗೆ ಸ್ಕೂಟರಿನ ಡಿಕ್ಕಿಯಲ್ಲಿತ್ತು. ದೀಕ್ಷೆಯಾದ ದಿನದಿಂದ ಎದೆ ಮೇಲೆ ತೂಗಿದ್ದ ಇಷ್ಟಲಿಂಗ, ಅದರ ಬೆಳ್ಳಿ ಕರಡಿಗೆ, ಶಿವದಾರ ಸಮೇತ. ಜ್ವರ ಬಂದು ಆಸ್ಪತ್ರೆ ಸೇರಿದಾಗಲೂ ನರ್ಸಮ್ಮನ ಜೊತೆ ಜಗಳವಾಡಿ ಉಳಿಸಿಕೊಂಡಿದ್ದ. ಇವತ್ತು ಯಾರೂ ತೆಗಿ ಅನ್ನಲಿಲ್ಲ. ಚುಟ್ಟದ ಹೊಗೆ ಶಿವನಿಗೆ ತಾಗಬಾರದು ಅಂತ ಗೇಟಿನ ಹತ್ತಿರ ತಾನೇ ತೆಗೆದು, ಒಗೆದ ಕರ್ಚೀಫಿನಲ್ಲಿ ಸುತ್ತಿ, ಪೆಟ್ರೋಲ್ ವಾಸನೆಯ ಒರೆಸುವ ಬಟ್ಟೆ, ಸ್ಪ್ಯಾನರುಗಳ ನಡುವೆ ಇಟ್ಟು ಬಂದಿದ್ದ. ಅಲ್ಲ, ಭಕ್ತಿ ಅಂದರೆ ಭಕ್ತಿಯೇ. ಹೊಗೆ ತಾಗಬಾರದು ಅಂತ ದೇವರನ್ನೇ ಡಿಕ್ಕಿಗೆ ಹಾಕುವ ಭಕ್ತಿ! ನೆನೆಸಿಕೊಂಡರೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

"ಲಕ್ಷ್ಮೀಕಾಂತ್, ಏನ್ ರುಚಿ ಸಿಕ್ತು?"

"ಸೂಪರ್ ಸಾರ್. ಸಖತ್ ಸ್ಮೂತ್."

"ಸ್ಮೂತ್ ಅಂತ ಎಲ್ರೂ ಹೇಳ್ತಾರೆ ಬಿಡ್ರೀ. ಚನ್ನೇಶ್, ನೀವ್ ಹೇಳಿ. ನಿಮ್ ನಾಲ್ಗೆ ಏನ್ ಹೇಳ್ತು?"

ಹೇಸಿಗೆ ಸಾರ್, ನಿಮ್ಮ ಎಂಜಲು ಸಾರ್, ಸಾಕು ಸಾರ್ ಅನ್ನಬಹುದಿತ್ತು. ಅಂದಿದ್ದರೆ ಮ್ಯಾನೇಜರ್ ಕುರ್ಚಿ ಅಲ್ಲಿಗೇ ಲಕ್ಷ್ಮೀಕಾಂತನ ಪಾಲು. ಚನ್ನೇಶ್ ಕಣ್ಣು ಮುಚ್ಚಿ ಇನ್ನೊಂದು ದಮ್ಮು ಎಳೆದ. ಯಾಕೋ ಊರಿನ ನೆನಪಾಯಿತು.

"ಮೊದಲ ಮಳೆ ಬಿದ್ದ ಹೊಲದ ವಾಸ್ನೆ ಸಾರ್. ಕೊನೇಗೆ ಸ್ವಲ್ಪ ಬೆಲ್ಲದ ಪಾಕ."

ಉದಯಕುಮಾರ್ ತೊಡೆ ತಟ್ಟಿಕೊಂಡು ಎದ್ದೇಬಿಟ್ಟರು. "ನೋಡ್ರೀ! ಇದಪ್ಪಾ ನಾಲ್ಗೆ! ನಾಳೆಯಿಂದ ನೀವೇ ಕಣ್ರೀ ಮ್ಯಾನೇಜರ್." ಅದೇ ಜಾತಿಯ ಇನ್ನೆರಡು ಸಿಗಾರನ್ನು ತೆಗೆದು ಅವನ ಷರ್ಟಿನ ಜೇಬಿಗೆ ತಾವೇ ಸಿಕ್ಕಿಸಿದರು. "ಇದೇ ನಿಮ್ದು. ಸೋಮವಾರ ತಪ್ಪಿಸ್ಬೇಡಿ."

ಗೇಟಿನವರೆಗೆ ಹೇಗೋ ಬಂದ. ತೆಂಗಿನ ಬುಡವೊಂದಕ್ಕೆ ಕೈ ಕೊಟ್ಟು ನಿಂತು ವಾಂತಿ ಮಾಡಿದ. ಬರೀ ಹಳದಿ ನೀರು, ಅದರಲ್ಲೂ ಅದೇ ಹೊಗೆಯ ನಾತ. ತೋಟದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಮಣ್ಣು ಹಚ್ಚಿ ಕೈ ತಿಕ್ಕಿದ. ಮೂಸಿ ನೋಡಿದ. ಮತ್ತೆ ತಿಕ್ಕಿದ. ಬೆರಳ ಸಂದಿಯಿಂದ ಅದು ಹೋಗಲೊಲ್ಲದು. ಡಿಕ್ಕಿ ತೆಗೆದು ಕರ್ಚೀಫಿನ ಗಂಟನ್ನೇ ನೋಡುತ್ತಾ ನಿಂತ. ಈ ಕೈಯಲ್ಲಿ ಅದನ್ನು ಮುಟ್ಟುವುದು ಹೇಗೆ? ಮನೆಗೆ ಹೋಗಿ ಮೊದಲು ತಲೆಮೇಲೆ ನೀರು ಹಾಕಿಕೊಳ್ಳೋಣ, ಆಮೇಲೆ ಅಂದುಕೊಂಡು ಮುಚ್ಚಿದ.

ತುಮಕೂರಿನ ಮನೆಯ ಬಾಗಿಲಲ್ಲೇ ತಾಯಿ ಗಂಗಾಂಬಿಕೆ ನಿಂತಿದ್ದರು, ಮಡಿಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು. ಸೋಮವಾರ ಮಗನ ಪೂಜೆಯಾಗದೆ ಅವರೂ ಊಟ ಮಾಡುವವರಲ್ಲ.

"ಎಷ್ಟೊತ್ಲಾ ಮಗಾ? ಪತ್ರೆ, ನೀರು ಎಲ್ಲಾ ಇಟ್ಟಿದೀನಿ. ಬೇಗ ಪೂಜೆ ಮಾಡ್ಕೊ, ಹೊಟ್ಟೆ ಚುರುಗುಟ್ತಾ ಅದೆ."

"ಏನಾಯ್ತ್ರೀ ಕೆಲ್ಸದ್ದು?" ಒಳಗಿಂದ ಹೆಂಡತಿ ಮಾಲಿನಿ ಓಡಿ ಬಂದಳು.

"ಆಯ್ತು. ಮ್ಯಾನೇಜರ್ ಮಾಡಿದ್ರು."

ಮಾಲಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಂಗಾಂಬಿಕೆಯ ಕಣ್ಣು ತುಂಬಿತು.

"ಮನುಷ್ರ ಕೈಲಿ ಏನೈತಪ್ಪಾ? ನಿನ್ ಎದೆ ಮೇಲ್ ಕೂತವ್ನಲ್ಲ, ಅವನು ಕೊಡ್ಸಿದ್ದು."

"ಅವ್ವಾ, ತಡಿ, ಸ್ನಾನ ಮಾಡ್ಕೊಂಡ್..." ಎಂದು ಚನ್ನೇಶ್ ಹಿಂದೆ ಸರಿಯುವಷ್ಟರಲ್ಲಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಅವರು ಅವನ ಎದೆಗೆ ಅಂಗೈ ಇಟ್ಟಾಗಿತ್ತು. ಕೈಗೆ ಸಿಕ್ಕಿದ್ದು ಜೇಬಿನ ಎರಡು ದಪ್ಪ ಸುರುಳಿ. ಗಂಗಾಂಬಿಕೆ ಕೈ ತೆಗೆಯಲಿಲ್ಲ. ಅವನ ಮುಖ ನೋಡುತ್ತಾ, ಷರ್ಟಿನ ಮೇಲಿಂದಲೇ, ಆ ಕಡೆ ಈ ಕಡೆ ಮೆಲ್ಲಗೆ ತಡಕಾಡಿದರು.